ತಮಟೆ ಕಾಯುವ ಹೊತ್ತು

ಜಗಳೂರಿನಾಚೆ ನಮ್ಮೂರಲ್ಲಿ
ಸುದ್ದಿ ಸಾರುತ್ತಿದ್ದವನು ಅಪ್ಪ, ಮೈಲಪ್ಪ.
ಸಾವು, ಸಭೆ, ಕಳೆದ ಎಮ್ಮೆ, ದಡಾರದ ಚುಚ್ಚುಮದ್ದು
ಎಲ್ಲಕ್ಕೂ ಒಂದೇ ತಮಟೆ.
ಹೇಳಿದ ತಕ್ಷಣ ಮಾತ್ರ ಹೊರಡುತ್ತಿರಲಿಲ್ಲ.
ಅಂಗಳದಲ್ಲಿ ಹಿಡಿ ಹುಲ್ಲಿಗೆ ಕಡ್ಡಿ ಗೀರಿ
ತೊಗಲನ್ನು ಉರಿಗೆ ತೋರಿಸುತ್ತ, ತಿರುಗಿಸುತ್ತ,
ಬೆರಳಲ್ಲಿ ಮಿಡಿದು ನೋಡುತ್ತ
ಸುದ್ದಿ ತಂದವನನ್ನು ಕೇಳುವನು:
"ಕಣ್ಣಾರೆ ಕಂಡ್ಯಾ? ಯಾರು ಹೇಳಿದ್ರು?
ಅವ್ರಿಗೆ ಯಾರು ಹೇಳಿದ್ರು?"
ತಮಟೆ ಕಾಯುತ್ತಿದೆ ಎಂದರೆ
ಅಪ್ಪನೂ ಕಾಯುತ್ತಿದ್ದಾನೆ ಅಂತ.
ತೊಗಲು ಬಿಗಿಯುವಷ್ಟರಲ್ಲಿ
ಎಷ್ಟೋ ಸುದ್ದಿ ಸಡಿಲಾಗುತ್ತಿದ್ದವು.

ಕೆರೆ ಏರಿ ಒಡೀತಂತೆ ಎಂದು
ಊರೇ ಎದ್ದು ಕೋಳಿಬುಟ್ಟಿ ಹೊತ್ತ ರಾತ್ರಿ
ಲಾಟೀನು ಹಿಡಿದು ಅವನೊಬ್ಬನೇ ಏರಿಯ ಕಡೆಗೆ ನಡೆದ.
ತೂಬಿನ ಬಳಿ ಯಾರದೋ ಎತ್ತು
ಸದ್ದು ಮಾಡಿ ನೀರು ಕುಡಿಯುತ್ತಿತ್ತಂತೆ.
ಆ ಎತ್ತು ಈದೂ ಇರಲಿಲ್ಲ.

ನಾನು ದಾವಣಗೆರೆಯಲ್ಲಿ ದನಿ ಮಾರುತ್ತೇನೆ.
ಮಂಡಿಪೇಟೆಯ ಸಂದಿ, ಒಂದು ಮೈಕು,
ಮೊಟ್ಟೆಯ ಟ್ರೇ ಬಡಿದ ನಾಲ್ಕು ಗೋಡೆ.
ಸೀರೆ ಸೇಲು, ನಲ್ಲಿ ಬಿಲ್ಲು, ಶಿವಗಣಾರಾಧನೆ.
ಆಟೋ ಏರಿ ಹೊರಟ ನನ್ನ ದನಿ
ರೈಲ್ವೆ ಗೇಟಿನಲ್ಲಿ ನನಗೇ ಎದುರಾಗುವುದುಂಟು,
ಗುರುತು ಸಿಗದವಳಂತೆ ಮುಂದೆ ಹೋಗುತ್ತದೆ.

ಒಂದು ತಪ್ಪು ಹೇಳಿಬಿಡುತ್ತೇನೆ.
ಹೋದ ವರ್ಷ ಫೋನಿಗೊಂದು ಫೋಟೋ ಬಂತು:
ಪಿನ್ನು, ರಿಬ್ಬನ್ನು ಮಾರುವ ಹೆಂಗಸು,
ಕೆಳಗೆ "ಮಕ್ಕಳ ಕಳ್ಳಿ, ಹುಷಾರು".
ಒಲೆಯ ಮೇಲೆ ಹಾಲಿತ್ತು. ಉಕ್ಕುವ ಮುಂಚೆ
ಹನ್ನೊಂದು ಜನಕ್ಕೆ ಕಳಿಸಿ, ಒಲೆ ಆರಿಸಿದೆ.
ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಅವಳ ಬುಟ್ಟಿ
ಎಷ್ಟು ದೂರ ಚೆಲ್ಲಿತ್ತೆಂದರೆ
ಮಾರನೇ ದಿನವೂ ಜನರ ಚಪ್ಪಲಿಗೆ
ಪಿನ್ನು ಚುಚ್ಚುತ್ತಿದ್ದವಂತೆ.
ನಾನು ಕೈ ಎತ್ತಿರಲಿಲ್ಲ.
ಓದು ಬಂದವಳು, ಹೆಬ್ಬೆಟ್ಟು ಒತ್ತಿದ್ದೆ.

ಮೊನ್ನೆ ಬುಧವಾರ ಆಸ್ಪತ್ರೆಯಿಂದ ಯಾರೋ ಹುಡುಗ,
ಅಳುವಿನಲ್ಲಿ, ಗಾಳಿಯಲ್ಲಿ ಮಾತು ಹರಿದು:
"ಭಟ್ಟಿ ಬುಡೇನ್ ಸಾಬ್ರು ಹೋಗ್ಬಿಟ್ರು ಅಕ್ಕಾ,
ಅಸರ್ ನಮಾಜಾದ ಮೇಲೆ ಮಣ್ಣು, ಬೇಗ ಕೂಗ್ಸಿ."
ನಿಂಗರಾಜ ಆಟೋ ಶುರು ಮಾಡಿಯೇ ನಿಂತಿದ್ದ.
"ದುಃಖದಿಂದ ತಿಳಿಸುವುದೇನೆಂದರೆ" ವರೆಗೆ ಓದಿ
ಗೋಡೆಯ ಮೇಲಿನ ತಣ್ಣನೆ ತಮಟೆ ನೋಡಿದೆ.
ಸತ್ತವರ ಮನೆಗೆ ಫೋನು ಮಾಡಿ
ಸತ್ತಿರಾ ಎಂದು ಕೇಳುವುದು ಹೇಗೆ?
ಮಾಡಿದೆ.
ಹಿಂದೆ ಬಾಣಲೆಯಲ್ಲಿ ಮರಳು ಮೊರೆಯುತ್ತಿತ್ತು.
ಸತ್ತವರೇ ಎತ್ತಿದರು: "ಯಾರಮ್ಮ?"
ನನ್ನ ಬಾಯಿಗೆ ಬಂದದ್ದು ಇಷ್ಟೇ:
"ಸಾಬ್ರೇ... ಎರಡು ಸೇರು ಮಂಡಕ್ಕಿ ಐತಾ?"
"ಎರಡು ಸೇರಿಗೂ ಫೋನ್ ಮಾಡ್ತಾರೇನಮ್ಮ? ಬಾ, ಬಿಸಿ ಐತೆ."

ಹುಡುಗನಿಗೆ ತಿರುಗಿ ಹಚ್ಚಿದೆ.
ಭಟ್ಟಿಯಲ್ಲ, ಪೆಟ್ಟಿ.
ತಗಡು ಬಡಿದು ಟ್ರಂಕು ಮಾಡುವ ಪೆಟ್ಟಿ ಬುಡೇನ್ ಸಾಬರು,
ನನ್ನ ಮದುವೆಯ ಟ್ರಂಕಿಗೆ ನವಿಲು ಬರೆದವರು.
ಸುಳ್ಳಾದದ್ದು ಸಾವಲ್ಲ, ಬರೀ ಒಂದಕ್ಷರ.
ಒಂದು ಮನೆಯ ಅಳು ತಪ್ಪಿಸಿದೆನೆಂಬ ಖುಷಿ
ಇನ್ನೊಂದು ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತಿತು.
ಮತ್ತೆ ಓದಿದೆ, ಮೊದಲಕ್ಷರ ಒತ್ತಿ.
ಹತ್ತು ನಿಮಿಷ ತಡ ಎಂದು ನಿಂಗರಾಜ ಗೊಣಗಿದ.

ಸಂಜೆ ಭಟ್ಟಿಗೆ ಹೋದೆ.
ಗೆಳೆಯನಿಗೆ ಮಣ್ಣು ಕೊಟ್ಟು ಬಂದ ಕೈ ತೊಳೆದು
ಸಾಬರು ಜರಡಿ ಹಿಡಿದಿದ್ದರು.
ಮರಳು ಕೆಳಕ್ಕೆ, ಮಂಡಕ್ಕಿ ಮೇಲಕ್ಕೆ.
"ಪೆಟ್ಟಿ ಹೋಗ್ಬಿಟ್ಟ, ಕೇಳಿದ್ಯಾ? ನಿನ್ ದನೀನೇ ಕೂಗ್ತು."
"ಹ್ಞೂ" ಎಂದೆ.
ಎರಡು ಸೇರು ಅಳೆದು, ಮೇಲೊಂದು ಬೊಗಸೆ ಸುರಿದರು.
ದಾರಿಯಲ್ಲಿ ಹಿಡಿ ಬಾಯಿಗೆ ಹಾಕಿಕೊಂಡೆ.
ಅಷ್ಟು ಜರಡಿ ಆಡಿಸಿದ ಮೇಲೂ
ಹಲ್ಲಿಗೆ ಕರಕ್ಕೆಂದಿತು
ಒಂದು ಹರಳು ಮರಳು.