ನಂಬರ್ ಪ್ಲೇಟು

ನಾನೂರು ಜನ ಕೂರುವ ಸಭೆ, ನ್ಯೂ ಹ್ಯಾಂಪ್‌ಷೈರಿನದು.
ಸಂಬಳ ವರ್ಷಕ್ಕೆ ನೂರು ಡಾಲರು.
ಓರೋರ್ ಬುಶಾರ್ ಆ ಚೆಕ್ಕನ್ನು ಪ್ರತಿಸಲವೂ
ಬೂಟಿನ ಅಂಗಡಿಗೇ ಒಯ್ಯುತ್ತಿದ್ದಳು.
ಹಿಮ ತುಳಿಯದವರಿಗೆ ಇಲ್ಲಿ ಯಾರೂ ಮತ ಹಾಕಲ್ಲ, ಅನ್ನುತ್ತಿದ್ದಳು.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ
ಶಾಲೆಯ ಬಸ್ಸು ಓಡಿಸಿದವಳು.
ಊರಿನ ಅರ್ಧ ಜನ ಅವಳಿಗೆ ನೆನಪಿದ್ದದ್ದು
ಇಳಿಯುತ್ತಿದ್ದ ಜಾಗದ ಹೆಸರಿನಿಂದ.
ನಾನು, ಮೊಮ್ಮಕ್ಕಳಾದ ಮೇಲೂ, 'ಹಳೇ ಸೇತುವೆ'.
ನಾನು ರಸ್ತೆ ದಾಟುವವರೆಗೂ
ಬಸ್ಸಿನ ಕೆಂಪು ದೀಪ ಆರಿಸುತ್ತಿರಲಿಲ್ಲ.

ಬುಧವಾರ, ನಸುಕಿನ ನಾಲ್ಕೂವರೆಗೆ ಅವಳ ಕಾರು ಕೆಮ್ಮುತ್ತ ಏಳುತ್ತಿತ್ತು.
ಕಾಂಕರ್ಡಿಗೆ ಎರಡೂವರೆ ತಾಸು,
ಮೂಸ್ ಅಡ್ಡ ನಿಂತರೆ ಮೂರು.
ಹಿಂದಿನ ಸೀಟಿನಲ್ಲಿ ಸಲಿಕೆ, ಥರ್ಮಾಸು,
ಕಾಫಿ ಕಲೆಯ ಮಸೂದೆಗಳು.

ಆರು ಸಲ ಗೆದ್ದಳು. ಅವಳದೆನ್ನಬಹುದಾದ ಕಾಯಿದೆ ಒಂದೇ:
ನದಿಯ ತಿರುವಿಗೆ ಉಕ್ಕಿನ ತಡೆಗೋಡೆ ಇರತಕ್ಕದ್ದು.
ಎರಡು ಸಾಲು. ಹಿಡಿದದ್ದು ಏಳು ವರ್ಷ.
ಯಾವ ಮಗುವಿಗಾಗಿ ಎಂದು ಸದನದಲ್ಲಿ ಬಾಯಿ ಬಿಡಲಿಲ್ಲ,
ಬಿಟ್ಟಿದ್ದರೆ ಮೊದಲ ವರ್ಷವೇ ಪಾಸಾಗುತ್ತಿತ್ತು.
ಕೇಳಿದ್ದಕ್ಕೆ, "ಆ ತಾಯಿ ಇನ್ನೂ ಪೇಪರು ಓದುತ್ತಾಳೆ" ಅಂದಳು.

ಆಮೇಲೆ ಕಾಗದದ ಗಿರಣಿ ಮುಚ್ಚಿತು.
ಆಂಡ್ರೊಸ್ಕಾಗಿನ್ ಹೊಳೆಯ ಮೇಲೆ ಸದಾ ತೂಗುತ್ತಿದ್ದ ಗಂಧಕದ ನಾತ
(ನಮ್ಮ ಬ್ರೆಡ್ಡಿನ ವಾಸನೆ ಕಣೋ, ಅನ್ನುತ್ತಿದ್ದ ಅಪ್ಪ)
ಒಂದೇ ವಾರದಲ್ಲಿ ಮಾಯ.
ಗಾಳಿ ಚೊಕ್ಕಟವಾಯಿತು. ಸಿಟ್ಟು ಯಾರ ಮೇಲೆ ತೀರಿಸುವುದು?
ಮಾಲೀಕರು ಯಾವ ದೇಶದಲ್ಲಿದ್ದರೋ.
ಓರೋರ್ ಎರಡು ಮನೆ ಆಚೆ ಇದ್ದಳು.

ನವೆಂಬರಿನಲ್ಲಿ ನಾಲ್ಕು ಮತದಿಂದ ಸೋತಳು.
ಮರುಎಣಿಕೆಯಲ್ಲೂ ನಾಲ್ಕೇ.
ಅದರಲ್ಲೊಂದು ನನ್ನದು.

ಡಿಸೆಂಬರಿನ ಮೊದಲ ಬುಧವಾರ, ಇನ್ನೂ ಕತ್ತಲು,
ಬಾಗಿಲು ತಟ್ಟಿ ಸ್ಕ್ರೂಡ್ರೈವರ್ ಇದೆಯಾ ಎಂದಳು.
ಕುರ್ಚಿಯ ಸಂಖ್ಯೆ ಬರೆದ ಸದನದ ಪ್ಲೇಟು,
ಕಾರಿನಿಂದ ಕಳಚಬೇಕಿತ್ತು.
ಅವಳ ಬೆರಳು ಮರಗಟ್ಟಿದ್ದವು; ನಾನೇ ಹಿಮದಲ್ಲಿ ಮಂಡಿಯೂರಿದೆ.

ಮೂರು ಸ್ಕ್ರೂ ಸಲೀಸಾಗಿ ಬಂದವು.
ನಾಲ್ಕನೆಯದು ಬಿಡಲೊಲ್ಲದು.
ಹನ್ನೆರಡು ಚಳಿಗಾಲ ಆ ರಸ್ತೆಯ ಉಪ್ಪು ತಿಂದದ್ದು,
ತುಕ್ಕು ಹಿಡಿದು, ಹಲ್ಲು ಕಚ್ಚಿ ಕೂತಿತ್ತು.
ನನ್ನ ಕೈ ಎರಡು ಸಲ ಜಾರಿತು. ತಲೆ ಎತ್ತಲಾಗಲಿಲ್ಲ.

ಟಾರ್ಚು ಹಿಡಿದು ನಿಂತವಳು ಹೇಳಿದಳು:
"ಅವಸರವಿಲ್ಲ, ಹಳೇ ಸೇತುವೆ.
ದೀಪ ಹಿಡ್ಕೊಂಡೇ ಇದೀನಿ."