ಪಟ್ಟಿ

ರಾತ್ರಿ ಎಂಟೂವರೆಗೆ ಸ್ಕೂಟರು ನಿಲ್ಲಿಸಿ ಬಂದಳು ಮಿಸ್ರಿಯಾ,
ಕಂಕುಳಲ್ಲಿ ಪಂಚಾಯತಿನ ಮಿನಿಟ್ಸು ಪುಸ್ತಕ.
ನಾಳೆ ಅವಳ ಮೊದಲ ಸಭೆ.
"ಸಾರ್, ಆ ಕುರ್ಚಿಯಲ್ಲಿ ಹೇಗೆ ಕೂರುವುದು?"

ಸೀತಾಂಗೋಳಿಯಲ್ಲಿ ಇದನ್ನು ಕೇಳಲು
ನನ್ನ ಬಿಟ್ಟರೆ ಜನವಿಲ್ಲ.
ಹನ್ನೊಂದು ವರ್ಷ ತಿರುವನಂತಪುರದ ಸಭೆಯಲ್ಲಿ
ಕನ್ನಡ ಕೇಳಿಸಿದರೆ ಬರೆದುಕೊಳ್ಳುವ ನೌಕರಿ ನನ್ನದು.
ಉಳಿದ ದಿನ ಪೆನ್ಸಿಲು ಕೆತ್ತುತ್ತಿದ್ದೆ.

ಬಾಡೂರಿನ ಐತ್ತಪ್ಪಣ್ಣ ಗೆದ್ದ ಕಾಲ.
ಮಲೆಯಾಳ ಬಾರದವರೇನಲ್ಲ,
ಬಂಗುಡೆಗೆ ಚೌಕಾಶಿ ಮಾಡುವಷ್ಟಿತ್ತು.
ಸಿಟ್ಟು ಬಂದರೆ ಸಾಲುತ್ತಿರಲಿಲ್ಲ.
ಸಂವಿಧಾನದಲ್ಲಿ ಅದಕ್ಕೊಂದು ಕಿಂಡಿಯಿದೆ, ಮಗಾ:
ಹೇಳಬೇಕಾದ್ದನ್ನು ಹೇಳಲಾರದವನಿಗೆ
ಪೀಠ ಒಪ್ಪಿದರೆ ತಾಯಿಮಾತು.
ಒಪ್ಪಿದರೆ.

ಪೀಠ ಗಲ್ಲ ಆಡಿಸಿತು. ಇವರು ಶುರು ಮಾಡಿದರು.
ಅರ್ಥವಾಗದ್ದನ್ನು ಕೇಳಿಸಿಕೊಳ್ಳುವ ಮುಖ ನೋಡಿದ್ದೀಯಾ?
ಹಸುಗೂಸಿನ ಎದೆಗೆ ಸ್ಟೆತಾಸ್ಕೋಪಿಟ್ಟ ಡಾಕ್ಟರಂತೆ
ನಾಲ್ಕು ನಿಮಿಷ, ಕತ್ತು ಒಂದು ಬದಿಗೆ ವಾಲಿಸಿ.

"ಕನ್ನಡ ಮಾಸ್ತರಿಲ್ಲದ ಶಾಲೆ ಮೂವತ್ತೊಂದು ಸಾರ್,
ಲೆಕ್ಕ ನನ್ನದಲ್ಲ. ಇಲ್ಲಿದೆ ನೋಡಿ
ನಿಮ್ಮ ಅಧಿಕಾರಿಗಳ ಪಟ್ಟಿ!"

ಅಲ್ಲಿ ಪಟ್ಟಿಯೆಂದರೆ ನಾಯಿ.

ಬೆಂಚು ಬೆಂಚೇ ಎದ್ದಿತು.
ಯಾರು ನಾಯಿ, ಯಾವ ಅಧಿಕಾರಿ, ಕ್ಷಮೆ ಕೇಳಲಿ.
ಐತ್ತಪ್ಪಣ್ಣನಿಗೆ ತಲೆಬುಡ ತಿಳಿಯದೆ
ಕಾಗದ ಎತ್ತೆತ್ತಿ ತೋರಿಸುತ್ತಾರೆ, "ಪಟ್ಟಿ ಸಾರ್, ಪಟ್ಟಿ",
ನಾಯಿಯ ಮೇಲೆ ಇನ್ನೊಂದು ನಾಯಿ ಛೂ ಬಿಟ್ಟ ಹಾಗೆ.
ಪೀಠದ ಕೈ ಮೇಲಕ್ಕೆ ಹೋಯಿತು:
ಆ ಪದವನ್ನು ಕಡತದಿಂದ ತೆಗೆಯಿರಿ.

ಪೆನ್ಸಿಲು ನನ್ನ ಕೈಲಿ. ತೆಗೆಯಬೇಕಾದವನು ನಾನು.
ನೌಕರನಿಗೆ ಅಲ್ಲಿ ಬಾಯಿಲ್ಲ.
ಒಂದು ಚೀಟಿ ಗೀಚಿದೆ. ಜವಾನ, ಕಾರ್ಯದರ್ಶಿ, ಆಮೇಲೆ ಪೀಠ:
ನಾಲ್ಕು ಗಜ ದೂರ, ನಡೆದು ಮುಗಿಯಲಿಲ್ಲ ಆ ಚೀಟಿ.

ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.
"ನಾನು ಕೇಳಿಸಿಕೊಂಡದ್ದು ತಪ್ಪು. ಪದ ಇರಲಿ.
ತೆಗೆಯಿರಿ ಎಂದ ನನ್ನ ಮಾತೂ ಇರಲಿ.
ಎರಡನ್ನೂ ಅಚ್ಚು ಹಾಕಿ."

ಸಭೆ ನಗಲಿಲ್ಲವೆಂದರೆ ಸುಳ್ಳಾದೀತು. ಹೊಟ್ಟೆ ಹಿಡಿದು ನಕ್ಕಿತು.
ಆ ವರ್ಷವೂ ಮಾಸ್ತರುಗಳು ಬರಲಿಲ್ಲ.

ಮಿಸ್ರಿಯಾ ಚಾ ಮುಗಿಸಿದಳು.
"ಅದು ಸರಿ ಸಾರ್. ನಾಳೆ ನೀರಿನ ಟ್ಯಾಂಕಿನ ವಿಷಯ.
ನನ್ನ ಓಟೂ ಸೇರಿ ಏಳು, ಏಳು ಆದರೆ?"

ಇನ್ನೊಂದು ಓಟು ನಿನ್ನದೇ, ಎಂದೆ.
ಚಪ್ಪಲಿಯ ಹಾಗೆ ಹೊಸ್ತಿಲಾಚೆ ಬಿಟ್ಟಿರಬೇಕಾದ ಅಭಿಪ್ರಾಯವನ್ನು
ಆಗ ಒಂದು ಸಲ ಮೆಟ್ಟಿಕೊಳ್ಳಬಹುದು.
ಹಳಬರು ಮಾತ್ರ ಹೇಳುತ್ತಿದ್ದರು,
ಚರ್ಚೆ ಮುಗಿಯದ ಕಡೆಗೆ ಹಾಕು ಅದನ್ನು,
ಬಾಗಿಲು ತೆರೆದೇ ಇರಲಿ.

"ಬಾಗಿಲು ತೆರೆದಿಟ್ಟರೆ ಕೊಡಪಾನ ತುಂಬುತ್ತದಾ?
ನನ್ನ ವಾರ್ಡಿನ ಹೆಂಗಸರು ಏಪ್ರಿಲಿಗೆ ಗುಡ್ಡೆ ಇಳಿಯುತ್ತಾರೆ ಸಾರ್,
ಕತ್ತಲೆಗೇ."

ನನ್ನ ಹತ್ತಿರ ಚೀಟಿ ಇರಲಿಲ್ಲ.
ಅಂಗಳದಲ್ಲಿ ಅವಳು ಚಪ್ಪಲಿ ಹುಡುಕುತ್ತಿದ್ದಳು,
ಟಾರ್ಚು ಹಿಡಿದೆ.

ಮರುದಿನ ಸಂಜೆ ಜಗಲಿಯಲ್ಲಿ ಕಾದೆ.
ಸ್ಕೂಟರು ನಿಲ್ಲದೆ ಹೋಯಿತು, ಎರಡು ಸಲ ಹಾರ್ನು ಹೊಡೆದು.
ಟ್ಯಾಂಕು ಗೆದ್ದಿತೋ, ಬಾಗಿಲು ಗೆದ್ದಿತೋ.
ಹಳೆಯ ಚಟ ನೋಡಿ,
ಹಾಲಿನ ಲೆಕ್ಕದ ಡೈರಿಯಲ್ಲಿ ಬರೆದಿಟ್ಟೆ:
ಅಧ್ಯಕ್ಷರು ಮಾತಾಡಿದರು.
ಭಾಷೆ ತಿಳಿಯಲಿಲ್ಲ. ಪದ ಇರಲಿ.