ತೂಕದ ಪುಸ್ತಕ

ನಮ್ಮೂರಿನ ರನ್‌ವೇ ಅಂದರೆ
ಕುಸ್ಕೊಕ್ವಿಮ್ ನದಿಯ ಕೆಸರಿಗೆ ಬೆನ್ನು ಕೊಟ್ಟು ಮಲಗಿದ
ಎರಡು ಸಾವಿರ ಅಡಿ ಜಲ್ಲಿ.
ನಿಲ್ದಾಣ ಅಂದರೆ ನಾನು, ನಿಕಿಫರ್,
ತಗಡಿನ ಒಂದು ಕೋಣೆ, ನಿಂತು ತೂಗುವ ಯಂತ್ರ,
ದಾರ ಕಟ್ಟಿದ ಪೆನ್ಸಿಲ್ಲು, ಪುಸ್ತಕ.

ಏರುವ ಮೊದಲು ಎಲ್ಲಕ್ಕೂ ತೂಕ:
ಟಪಾಲಿಗೆ, ಡಯಾಪರ್ ಡಬ್ಬಿಗೆ, ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ,
ಹಲ್ಲು ಕೀಳಿಸಲು ಹೊರಟ ಪಾದ್ರಿಗೆ.
ಎಲ್ಲರೂ ಸುಳ್ಳು ಹೇಳುತ್ತಾರೆ.
ನನ್ನ ಅತ್ತಿಗೆ ಒಲಿಂಕಾ
ಕೋಟಿನ ಒಳಜೇಬುಗಳಲ್ಲಿ ಒಣ ಸಾಲ್ಮನ್ ತುರುಕಿ
"ನೂರಾ ಮೂವತ್ತು ಪೌಂಡು" ಅಂದಳು, ಉಸಿರು ಬಿಗಿಹಿಡಿದು,
ಉಸಿರನ್ನೂ ಲೆಕ್ಕಕ್ಕೆ ಹಿಡಿದೇವೆಂಬಂತೆ.

ಅಗ್ರಫೀನಾ ಮೊದಲ ಸಲ ಇಳಿದಾಗ ಇಪ್ಪತ್ತೊಂದು ವರ್ಷ.
ಮುಂದಿನದು ಕಾಣಲಿ ಅಂತ ಸೀಟಿಗೆ ದಿಂಬು.
ಮುದುಕರು ಒಳಗೆ ಇಣುಕಿ ಕೇಳಿದರು: ಪೈಲಟ್ ಎಲ್ಲಿ?
ಅವಳು ಒಲಿಂಕಾಳ ಕೋಟು ಮೂಸಿ
ಇಪ್ಪತ್ತು ಸೇರಿಸಿ ಬರೆದಳು.
"ನನಗೆ ಸುಳ್ಳು ಹೇಳಿ ಅಜ್ಜಿ, ರೆಕ್ಕೆಗೆ ಹೇಳಬೇಡಿ.
ಅದಕ್ಕೆ ದಾಕ್ಷಿಣ್ಯ ಇಲ್ಲ."

ಆಮೇಲೆ ಟೀವಿಯವರು ಬಂದರು.
ಒಂದೇ ಇಳಿತವನ್ನು ಮೂರು ಸಲ ಇಳಿಸಿದರು.
ಮಂಜು ಸಾಲದು ಅಂತ ಮಾರನೇ ದಿನಕ್ಕೆ ಕಾದರು;
ಮಂಜು ಹರಿಯಲೆಂದು ವಾರಗಟ್ಟಲೆ ಕಾಯುವ ನಾವು
ಬಾಗಿಲಲ್ಲಿ ನಿಂತು ನಕ್ಕೆವು.
ಪರದೆಯಲ್ಲಿ ನಮ್ಮೂರು ನಾಲ್ಕು ನಿಮಿಷ,
ನಾನು ಎರಡು ಸೆಕೆಂಡು, ಬೆನ್ನು ಮಾತ್ರ.
ಅವಳು ತಿರುಗಿದಾಗೆಲ್ಲ ಎಲ್ಲಿಂದಲೋ ನಗಾರಿ.
ನಿಜಕ್ಕೂ ಅಲ್ಲಿ ಕೇಳುವುದು ಎಂಜಿನ್ನು,
ಹಿಂದೆ ಯಾರೋ ವಾಂತಿ ಮಾಡುವ ಸದ್ದು.

ಅವರಿಗೆ ಸಿಗದ ಚಿತ್ರ ಒಂದಿದೆ.
ಅದಕ್ಕೂ ಹಿಂದಿನ ಮಾರ್ಚ್, ನದಿ ಇನ್ನೂ ಗಟ್ಟಿ.
ಬೆಥೆಲ್‌ನಿಂದ ಬಂದಳು, ಹಿಂದಿನ ಸೀಟೆಲ್ಲ ಬಿಚ್ಚಿಟ್ಟು.
ಉದ್ದ ಪೆಟ್ಟಿಗೆ. ಹದಿನೇಳರ ಎವ್ಸೇಯ್.
ಹೇಗಾಯಿತೆಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಜನವರಿಯಲ್ಲಿ ಇದೇ ವಿಮಾನದಲ್ಲಿ ಪಂದ್ಯಕ್ಕೆ ಹೋದವ,
ತೂಗುವಾಗ ಚೆಂಡನ್ನು ಎದೆಗವಚಿ
"ಒಳಗೆ ಬರೀ ಗಾಳಿ" ಅಂದಿದ್ದವ.
ಇಳಿಸಿಕೊಳ್ಳಲು ಅವನ ತಂಡದವರೇ ಬಂದರು.

ಅವಳು ರೆಕ್ಕೆಯಡಿ ನಿಂತು ನನ್ನ ಪುಸ್ತಕ ಕೇಳಿ
ಜನವರಿಯ ಪುಟ ತೆಗೆದಳು.
ಎವ್ಸೇಯ್, ನೂರಾ ನಲವತ್ತೆರಡು.
ಚೆಂಡು, ಒಂದೂಕಾಲು.
"ನನ್ನದೇ ಅಕ್ಷರ," ಅಂದಳು.
"ಪಕ್ಕದಲ್ಲೇ ಕೂತಿದ್ದ. ನಲವತ್ತು ನಿಮಿಷ.
ಗಾಳಿ ಮಳೆ ಮಾತಾಡಿದೆವು."

ಈಗ ಅವಳು ಜೂನೋದಲ್ಲಿ ಟೈ ಕಟ್ಟಿದವರ ಮುಂದೆ ನಿಂತು
ಮಕ್ಕಳ ಮಾತು ಕೇಳಲು ಊರಿಗೊಬ್ಬರನ್ನು ಕೊಡಿ ಅನ್ನುತ್ತಾಳೆ.
ಹುಡುಗಿಯ ಮಾತಿಗೆ ತೂಕ ಬಂತು ಅನ್ನುತ್ತಾರೆ ಜನ.
ಎಷ್ಟು ತೂಕ, ನನಗೆ ಗೊತ್ತು.
ಬರೆದಿಟ್ಟಿದೆ.

ಕಳೆದ ಶುಕ್ರವಾರ ಶಾಲೆಯ ಜಿಮ್ಮಿಗೆ ಬಂದಳು, ಕ್ಯಾಮೆರಾ ಇಲ್ಲದೆ.
ಭಾಷಣದ ಹಾಳೆಯನ್ನು ಮಡಚಿ
ಕನ್ನಡಕದ ಡಬ್ಬಿಯೊಳಗೆ ಹಾಕಿದಳು.
ಒಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು:
ಮೂರನೇ ಸಂಚಿಕೆಯಲ್ಲಿ ಎಂಜಿನ್ ನಿಜಕ್ಕೂ ನಿಂತಿತ್ತಾ?
"ಇಲ್ಲ. ಎಡಿಟಿಂಗ್ ಕೋಣೆಯಲ್ಲಿ ನಿಂತಿತು."
ನಗು ಇಳಿದ ಮೇಲೆ, ಹಿಂದಿನ ಸಾಲಿನಿಂದ
ಎವ್ಸೇಯ್‌ನ ತಮ್ಮ, ಯೂಪಿಕ್‌ನಲ್ಲಿ:
ಮತ್ತೆ ಯಾವಾಗ ಬರ್ತೀಯ?
ಅವಳು ಬಾಯಿ ತೆರೆದಳು. ಅಲ್ಲೇ ಇತ್ತು 'ಬೇಗ' ಅನ್ನುವ ಮಾತು,
ತುಂಬ ಹಗುರ.
"ಗೊತ್ತಿಲ್ಲ," ಅಂದಳು.
ಅವನು ತಲೆಯಾಡಿಸಿದ.

ವಿಮಾನ ಚುಕ್ಕಿಯಾಗಿ, ಚುಕ್ಕಿಯೂ ಅಳಿಸಿ
ಬಹಳ ಹೊತ್ತಾದ ಮೇಲೆ
ನನ್ನ ತಗಡಿನ ಬಾಗಿಲು ತಳ್ಳಿ ಬಂದ.
ಎಲ್ಲಿಗೂ ಹೊರಟವನಲ್ಲ.
ಬೂಟು ಬಿಚ್ಚದೆ, ಟೊಪ್ಪಿ ತೆಗೆಯದೆ
ಯಂತ್ರದ ಮೇಲೆ ಹತ್ತಿ ನಿಂತ.

ನಾನು ಮುಳ್ಳು ನೋಡಲಿಲ್ಲ.
ಪುಸ್ತಕ ಮುಚ್ಚಿ
ಚಹಾಕ್ಕೆ ನೀರಿಟ್ಟೆ, ಇಬ್ಬರಿಗೆ.